ಬಡಾವಣೆಯಲ್ಲೊಂದು ಓಟ-ನಡಿಗೆ ಕೂಟ: ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಬರುವಂತೆ ಕಟ್ಟುವುದು ಹೇಗೆ

ಓಟದ ಗುಂಪು ಶುರುವಾಗುವಾಗ ಎಲ್ಲರೂ ಇರುತ್ತಾರೆ. ಎರಡು ಮೂರು ತಿಂಗಳಾಗುವಷ್ಟರಲ್ಲಿ ಜೋರಾಗಿ ಓಡುವ ಏಳೆಂಟು ಜನ ಮಾತ್ರ ಉಳಿದಿರುತ್ತಾರೆ. ಮಿಕ್ಕವರಿಗೆ ಬರಬೇಡಿ ಅಂತ ಯಾರೂ ಹೇಳಿರುವುದಿಲ್ಲ. ಆದರೆ ವಾರ ವಾರವೂ ಹಿಂದೆ ಬಿದ್ದು, ಮಗುವಿನ ಕೈ ಹಿಡಿದುಕೊಂಡು ಒಬ್ಬರೇ ನಡೆದು ಬಂದು, ಅಷ್ಟೊತ್ತಿಗೆ ಉಳಿದವರೆಲ್ಲ ಬೆವರು ಒರೆಸಿಕೊಂಡು ಕಾಫಿ ಕುಡಿದು ಮನೆಗೆ ಹೊರಟಿರುವುದನ್ನು ನೋಡಿದರೆ ಮುಂದಿನ ವಾರ ಯಾಕೆ ಬರಬೇಕು ಅನ್ನಿಸುತ್ತದೆ, ಅಲ್ವಾ?

ಆದ್ದರಿಂದ ನನ್ನ ಮಾತು ಒಂದೇ. ಕೂಟವನ್ನು ಎಲ್ಲರಿಗಿಂತ ನಿಧಾನವಾಗಿ ನಡೆಯುವವರಿಗಾಗಿ ಕಟ್ಟಿ. ಓಡುವವರು ಹೇಗಿದ್ದರೂ ಓಡುತ್ತಾರೆ, ಅವರಿಗೆ ನಿಮ್ಮ ಸಹಾಯ ಅಷ್ಟಾಗಿ ಬೇಕಿಲ್ಲ. ಮೊಣಕಾಲು ನೋವಿರುವ ಅಜ್ಜಿ, ಐದು ವರ್ಷದ ಮಗು, ಹತ್ತು ವರ್ಷದಿಂದ ಓಡದ ಅಮ್ಮ, ಇವರೆಲ್ಲ ಮುಂದಿನ ಭಾನುವಾರವೂ ಬರಬೇಕು ಅಂದರೆ ಬರೀ ಒಳ್ಳೆಯ ಮನಸ್ಸು ಸಾಲದು, ಒಂದು ಉಪಾಯ ಬೇಕು. ಆ ಉಪಾಯ ಹಳೆಯದು. ಹೊಸದಾಗಿ ಕಂಡುಹಿಡಿಯಬೇಕಾದ ಕಷ್ಟ ನಮಗಿಲ್ಲ.

ಉಪಾಯ ಎಲ್ಲಿಂದ ಬಂತು

ಇಂಗ್ಲೆಂಡಿನ ಶಾಲೆಗಳಲ್ಲಿ ಹಿಂದೆ ಒಂದು ಆಟ ಇತ್ತು. ಒಬ್ಬ ಹುಡುಗ ಮೊಲ. ಅವನು ಕಾಗದದ ಚೂರು ಚೆಲ್ಲುತ್ತಾ ಮೊದಲು ಓಡುತ್ತಾನೆ, ಉಳಿದವರು ಬೇಟೆನಾಯಿಗಳಾಗಿ ಆ ಚೂರು ಹುಡುಕುತ್ತಾ ಹಿಂದೆ ಬರುತ್ತಾರೆ. 1938ರಲ್ಲಿ ಮಲಯದ (ಈಗಿನ ಮಲೇಷ್ಯಾದ) ಕೌಲಾಲಂಪುರದಲ್ಲಿ ಕೆಲಸಕ್ಕಿದ್ದ ಎ. ಎಸ್. ಗಿಸ್ಪರ್ಟ್ ಮತ್ತು ಗೆಳೆಯರು ಇದೇ ಆಟವನ್ನು ದೊಡ್ಡವರ ವಾರದ ಓಟವಾಗಿ ಶುರುಮಾಡಿದರು. ಅವರು ಊಟ ಮಾಡುತ್ತಿದ್ದ ಜಾಗಕ್ಕೆ 'ಹ್ಯಾಶ್ ಹೌಸ್' ಅಂತ ಅಡ್ಡಹೆಸರಿತ್ತು, ಹಾಗಾಗಿ ಗುಂಪಿಗೆ 'ಹ್ಯಾಶ್ ಹೌಸ್ ಹ್ಯಾರಿಯರ್ಸ್' ಅಂತ ಹೆಸರಾಯಿತು (ಹ್ಯಾರಿಯರ್ ಅಂದರೆ ಮೊಲ ಹಿಡಿಯುವ ಬೇಟೆನಾಯಿ). ಗಿಸ್ಪರ್ಟ್ 1942ರಲ್ಲಿ ಸಿಂಗಪುರದ ಯುದ್ಧದಲ್ಲಿ ತೀರಿಕೊಂಡರು. ಬದುಕುಳಿದವರು ಯುದ್ಧ ಮುಗಿದ ಮೇಲೆ ಮತ್ತೆ ಓಟ ಆರಂಭಿಸಿದರು. ಇವತ್ತು ಪ್ರಪಂಚದ ನೂರಾರು ಊರುಗಳಲ್ಲಿ ಇಂಥ ಗುಂಪುಗಳಿವೆ. ಮೊದಲು ಅದು ಗಂಡಸರ, ಬಿಯರ್ ಕುಡಿಯುವ ಕೂಟ. ಆಮೇಲೆ ಹಲವು ಕಡೆ ಹೆಂಗಸರು, ಮಕ್ಕಳು ಸೇರಿಕೊಂಡರು, ಬಿಯರ್ ಇಲ್ಲದ ಮನೆಮಂದಿಯ ಕೂಟಗಳೂ ಹುಟ್ಟಿದವು. ನಮಗೆ ಬೇಕಾಗಿರುವುದು ಈ ಎರಡನೇ ಬಗೆ.

ಇನ್ನೊಂದು ಮಾದರಿ ಪಾರ್ಕ್‌ರನ್. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಷಿ ಪಾರ್ಕಿನಲ್ಲಿ ಪಾಲ್ ಸಿಂಟನ್-ಹ್ಯೂಯಿಟ್ ಅದನ್ನು ಶುರುಮಾಡಿದಾಗ ಓಡಿದವರು 13 ಜನ. ಶನಿವಾರ ಬೆಳಿಗ್ಗೆ 5 ಕಿ.ಮೀ., ದುಡ್ಡಿಲ್ಲ, ನಡೆಸುವವರೆಲ್ಲ ಸ್ವಯಂಸೇವಕರು. ಅಲ್ಲಿ ನಾವು ಕಲಿಯಬೇಕಾದ ಪದ್ಧತಿ ಒಂದಿದೆ. ಎಲ್ಲರಿಗಿಂತ ಹಿಂದೆ ನಡೆಯುವುದಕ್ಕೆಂದೇ ಒಬ್ಬ ಸ್ವಯಂಸೇವಕ ಇರುತ್ತಾರೆ. ಹೀಗಾಗಿ ಬಂದವರಲ್ಲಿ ಯಾರೂ ಕೊನೆಯವರಾಗುವುದಿಲ್ಲ.

ಈ ಎರಡನ್ನೂ ಸೇರಿಸಿದರೆ ನಮ್ಮ ಕೂಟ. ಮೈಸೂರನ್ನೇ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ, ನಿಮ್ಮ ಊರಿಗೆ ತಕ್ಕಂತೆ ಬದಲಾಯಿಸಿಕೊಳ್ಳಿ.

ಹೆಜ್ಜೆ 1: ಮೂರು ನಾಲ್ಕು ಮನೆಯಿಂದ ಶುರುಮಾಡಿ

ಪೋಸ್ಟರ್ ಬೇಡ, ಟೀ ಶರ್ಟ್ ಬೇಡ, ಲೋಗೋ ಬೇಡ. ಒಂದೇ ರಸ್ತೆಯ ಅಥವಾ ಒಂದೇ ಶಾಲೆಗೆ ಮಕ್ಕಳನ್ನು ಕಳಿಸುವ ಮೂರು ನಾಲ್ಕು ಮನೆ ಸಾಕು. ಆ ಮನೆಗಳಲ್ಲಿ ಒಬ್ಬರಾದರೂ ಅರವತ್ತು ದಾಟಿದವರು, ಒಂದಾದರೂ ಎಂಟು ವರ್ಷದೊಳಗಿನ ಮಗು ಇರಲಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಮೊದಲ ವಾರ ಬಂದವರು ಎಂಥವರೋ ಕೂಟ ಅಂಥದ್ದೇ ಆಗುತ್ತದೆ. ಮೊದಲ ದಿನ ಬರೀ ಮ್ಯಾರಥಾನ್ ಓಡುವವರು ಬಂದು ನಿಂತರೆ, ಎರಡನೇ ವಾರ ಸೀರೆ ಉಟ್ಟು ಬಂದ ಆಂಟಿಗೆ 'ಇದು ನನ್ನ ಜಾಗ ಅಲ್ಲ' ಅನ್ನಿಸಿಬಿಡುತ್ತದೆ.

ಕರೆಯುವಾಗ 'ಓಟಕ್ಕೆ ಬನ್ನಿ' ಅನ್ನಬೇಡಿ. 'ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿ ಒಂದು ಸುತ್ತು ಹೋಗಿಬರೋಣ, ಮಕ್ಕಳಿಗೊಂದು ಆಟ ಇದೆ, ತಿಂಡಿ ಅಲ್ಲೇ' ಅನ್ನಿ. ಜನ ಬರುತ್ತಾರೆ.

ಹೆಜ್ಜೆ 2: ದಿನ, ಹೊತ್ತು, ಜಾಗ

ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತು. ಈ ವಾರ ಶನಿವಾರ, ಮುಂದಿನ ವಾರ ಭಾನುವಾರ ಅಂತ ಓಲಾಡಿದರೆ ಕೂಟ ನಿಲ್ಲುವುದಿಲ್ಲ. ಒಬ್ಬರೇ ಬಂದರೂ ನಡೆಸಿ.

ಹೊತ್ತಿನ ಬಗ್ಗೆ ಸ್ವಲ್ಪ ಯೋಚಿಸಿ. ಮೈಸೂರಿನಲ್ಲಿ ಡಿಸೆಂಬರ್ ಕೊನೆ, ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಆರೂವರೆ ದಾಟಿದ ಮೇಲೆ. ಆಗ 7 ಗಂಟೆಗೆ ಇಟ್ಟುಕೊಳ್ಳಿ. ಮಾರ್ಚ್‌ನಿಂದ ಮೇ ತನಕ ಎಂಟು ಗಂಟೆಗೆಲ್ಲ ಬಿಸಿಲು ಚುರುಕಾಗುತ್ತದೆ, ಆರೂವರೆಗೇ ಹೊರಡಿ. ಐದೂವರೆಗೆ ಸೇರುವುದು ಓಟಗಾರರ ಅಭ್ಯಾಸ, ಮಕ್ಕಳಿರುವ ಮನೆಗೆ ಅದು ಆಗದ ಮಾತು. ಬೆಳಕು ಸರಿಯಾಗಿ ಮೂಡದೆ ಮಕ್ಕಳನ್ನು ರಸ್ತೆಗೆ ಇಳಿಸಲೂಬಾರದು.

ಸೇರುವ ಜಾಗಕ್ಕೆ ನಾಲ್ಕು ಸಂಗತಿ ನೋಡಿ: ಶೌಚಾಲಯ, ಕುಡಿಯುವ ನೀರು, ಕೂರಲು ನೆರಳು, ಗಾಡಿ ನಿಲ್ಲಿಸಲು ಜಾಗ. ಮೊದಲನೆಯದನ್ನು ಗಂಡಸರು ಮರೆಯುತ್ತಾರೆ. ಹೆಂಗಸರು ಬರುವುದು ಬಿಡುವುದು ಎಷ್ಟೋ ಸಲ ಅದರ ಮೇಲೇ ನಿಂತಿರುತ್ತದೆ. ಪಾರ್ಕಿನಲ್ಲಿ ಇಲ್ಲದಿದ್ದರೆ ಹತ್ತಿರದ ಒಂದು ಮನೆಯವರನ್ನೋ ದೇವಸ್ಥಾನದವರನ್ನೋ ಮೊದಲೇ ಕೇಳಿಟ್ಟುಕೊಳ್ಳಿ, ಬಂದವರಿಗೆಲ್ಲ ಅದನ್ನು ಮುಜುಗರ ಇಲ್ಲದೆ ಹೇಳಿ.

ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಕೆರೆ ಅದು, ಕುವೆಂಪು ಅವರು ವಾಕಿಂಗ್ ಹೋಗುತ್ತಿದ್ದ ದಾರಿ. ಮಣ್ಣಿನ ದಾರಿ, ಮರದ ನೆರಳು, ಗಾಡಿಗಳಿಲ್ಲ. ರಾಮಕೃಷ್ಣನಗರದ ಕಡೆಯವರಿಗೆ ಲಿಂಗಾಂಬುಧಿ ಕೆರೆ ಇದೆ. ಹುಬ್ಬಳ್ಳಿಯಲ್ಲಿ ಉಣಕಲ್, ಧಾರವಾಡದಲ್ಲಿ ಕೆಲಗೇರಿ, ದಾವಣಗೆರೆಯಲ್ಲಿ ಕುಂದವಾಡ, ಮಂಗಳೂರಿನಲ್ಲಿ ಕದ್ರಿ ಪಾರ್ಕ್, ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕ್, ಹೀಗೆ ಊರೂರಿಗೂ ಒಂದು ಜಾಗ ಸಿಗುತ್ತದೆ. ಆದರೆ ಕೆರೆ ಏರಿ ನೇರ ದಾರಿ, ಹುಡುಕುವ ಆಟಕ್ಕೆ ಅಷ್ಟು ಚೆನ್ನಾಗಿಲ್ಲ. ಆಟಕ್ಕೆ ಸರಸ್ವತಿಪುರಂನಂಥ ಮೇನ್-ಕ್ರಾಸ್ ಇರುವ ಬಡಾವಣೆಯೇ ಸರಿ. ಹೆಜ್ಜೆಗೊಂದು ತಿರುವು ಸಿಗುತ್ತದೆ. ಕೆರೆ ಹತ್ತಿರ ಸೇರಿ, ಬಡಾವಣೆಯೊಳಗೆ ಸುತ್ತಿ, ಮತ್ತೆ ಕೆರೆಗೇ ಬಂದು ಕೂರುವುದು ನನಗೆ ಇಷ್ಟದ ಜೋಡಣೆ.

ಹೆಜ್ಜೆ 3: ಚುಕ್ಕಿ ಹಾಕುವುದು

ಇದೇ ಇಡೀ ಕೂಟದ ಜೀವ, ಇಲ್ಲಿ ನಿಧಾನವಾಗಿ ಓದಿ.

ಪ್ರತಿ ವಾರ ಒಂದು ಮನೆಯವರು 'ಮೊಲ'. ಅವರು ಬೆಳಿಗ್ಗೆ ಒಂದು ಗಂಟೆ ಮುಂಚೆ ಹೋಗಿ 3 ಕಿ.ಮೀ. ದಾರಿಗೆ ಗುರುತು ಹಾಕಿ ಬರಬೇಕು. ಬೇರೆ ಯಾರಿಗೂ ದಾರಿ ಗೊತ್ತಿರಬಾರದು, ಅವರ ಮನೆಯ ಮಕ್ಕಳನ್ನು, ಎಲ್ಲರ ಹಿಂದೆ ನಡೆಯುವ ಜೊತೆಗಾರರನ್ನು ಬಿಟ್ಟು. ಗುಟ್ಟನ್ನು ಬಾಯಿಬಿಡದೆ ಇಟ್ಟುಕೊಳ್ಳುವುದರಲ್ಲೇ ಮಕ್ಕಳಿಗೆ ಅರ್ಧ ಖುಷಿ.

ಹೊರದೇಶಗಳಲ್ಲಿ ಮೈದಾ ಹಿಟ್ಟು ಬಳಸುತ್ತಾರೆ. ನಮಗೆ ರಂಗೋಲಿ ಪುಡಿ ಇದೆ, ಅಕ್ಕಿ ಹಿಟ್ಟು ಇದೆ. ಟಾರು ರಸ್ತೆಗೆ ರಂಗೋಲಿ ಪುಡಿ ಚೆನ್ನಾಗಿ ಕಾಣುತ್ತದೆ. ಕೆರೆ, ಪಾರ್ಕಿನ ಮಣ್ಣಿಗೆ ಅಕ್ಕಿ ಹಿಟ್ಟೇ ಹಾಕಿ, ಇರುವೆಗಳು ತಿಂದು ಖಾಲಿ ಮಾಡುತ್ತವೆ. ಸುಣ್ಣದ ಪುಡಿ ಮಾತ್ರ ಬೇಡವೇ ಬೇಡ, ಮಕ್ಕಳ ಕಣ್ಣಿಗೆ ಬಿದ್ದರೆ ಸುಡುತ್ತದೆ. ಬಣ್ಣದ ಪುಡಿಯೂ ಬೇಡ. ಅದರಲ್ಲೂ ಕೆಂಪು, ಹಳದಿಯನ್ನು ಮೂರು ದಾರಿ ಕೂಡುವ ಕಡೆ ಚೆಲ್ಲಿದರೆ ಯಾರೋ ದೃಷ್ಟಿ ತೆಗೆದು ಹಾಕಿದ್ದಾರೆ, ಮಾಟ ಮಾಡಿಸಿದ್ದಾರೆ ಅಂತ ಆ ರಸ್ತೆಯ ಜನ ಹೆದರಿಕೊಳ್ಳುತ್ತಾರೆ. ಬಿಳಿ ಚುಕ್ಕಿಯಾದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಆದರೂ ಬೀಟ್ ಪೊಲೀಸರಿಗೆ, ಪಾರ್ಕಿನ ವಾಚ್‌ಮನ್‌ಗೆ ಒಂದು ಮಾತು ಹೇಳಿಡಿ. 2007ರಲ್ಲಿ ಅಮೆರಿಕದ ನ್ಯೂ ಹೇವನ್ನಿನಲ್ಲಿ ಅಂಗಡಿಯೊಂದರ ಪಾರ್ಕಿಂಗ್ ಜಾಗದಲ್ಲಿ ಹೀಗೇ ಹಿಟ್ಟಿನ ಗುರುತು ಹಾಕಿದ್ದಕ್ಕೆ, ಏನೋ ವಿಷದ ಪುಡಿ ಇರಬೇಕು ಅಂತ ಪೊಲೀಸರು ಬಂದು ಜನರನ್ನೆಲ್ಲ ಹೊರಗೆ ಕಳಿಸಿದ್ದರು. ಅಂಗಡಿ, ಮಾಲ್, ರೈಲ್ವೆ ಸ್ಟೇಷನ್, ಸರ್ಕಾರಿ ಕಚೇರಿ ಹತ್ತಿರ ಪುಡಿ ಹಾಕಲೇಬೇಡಿ.

ಗುರುತುಗಳು ನಾಲ್ಕೇ ಇರಲಿ, ಐದು ವರ್ಷದ ಮಗುವಿಗೂ ನೆನಪಿರಬೇಕು.

ಚುಕ್ಕಿ: ದಾರಿ ಸರಿ ಇದೆ, ಮುಂದೆ ಹೋಗಿ.
ಸೊನ್ನೆ: ಇಲ್ಲಿಂದ ದಾರಿ ಯಾವ ಕಡೆಗಾದರೂ ಹೋಗಿರಬಹುದು, ಹುಡುಕಿ.
ಗುಣಿಸು ಗುರುತು: ಇದು ಸುಳ್ಳುದಾರಿ, ಸೊನ್ನೆಗೆ ವಾಪಸ್ ಹೋಗಿ.
ಮನೆ ಚಿತ್ರ: ಮುಗಿಯಿತು, ತಿಂಡಿ ಹತ್ತಿರದಲ್ಲೇ ಇದೆ.

25-30 ಹೆಜ್ಜೆಗೊಂದು ಚುಕ್ಕಿ ಹಾಕಿ. ಒಂದು ಹಿಡಿ ಬೇಡ, ಐದು ಬೆರಳಿನಲ್ಲಿ ಹಿಡಿಯುವಷ್ಟು ಸಾಕು. 3 ಕಿ.ಮೀ.ಗೆ ಸುಮಾರು ಒಂದೂವರೆ ಕೆ.ಜಿ. ಪುಡಿ ಬೇಕಾಗುತ್ತದೆ.

ಎಲ್ಲಿ ಹಾಕುತ್ತೀರಿ ಅನ್ನುವುದು ಮುಖ್ಯ. ಬೆಳಿಗ್ಗೆ ಆರು ಗಂಟೆಗೆ ನಮ್ಮ ರಸ್ತೆಗಳು ಖಾಲಿ ಇರುವುದಿಲ್ಲ. ಮನೆ ಮುಂದೆ ನೀರು ಹಾಕಿ ಗುಡಿಸುತ್ತಿರುತ್ತಾರೆ, ಪೌರಕಾರ್ಮಿಕರು ರಸ್ತೆ ಗುಡಿಸುತ್ತಾ ಬರುತ್ತಿರುತ್ತಾರೆ. ನಡುರಸ್ತೆಯಲ್ಲಿ ಹಾಕಿದ ಚುಕ್ಕಿ ಅರ್ಧ ಗಂಟೆಯೂ ಉಳಿಯುವುದಿಲ್ಲ. ಅದಕ್ಕೇ ಕರೆಂಟ್ ಕಂಬದ ಬುಡ, ಮರದ ಬೇರಿನ ಸಂದು, ಮೋರಿ ಕಲ್ಲಿನ ಅಂಚು, ಖಾಲಿ ಸೈಟಿನ ಕಾಂಪೌಂಡ್ ಪಕ್ಕ ಹಾಕಬೇಕು. ಯಾರ ಮನೆಯ ಗೇಟಿನ ಮುಂದೆಯೂ ಹಾಕಬೇಡಿ. ಅಲ್ಲಿ ಆ ಮನೆಯವರ ರಂಗೋಲಿ ಬರಬೇಕು, ಅದನ್ನು ಮಕ್ಕಳು ತುಳಿಯದ ಹಾಗೆ ಮೊದಲೇ ಹೇಳಿರಬೇಕು. ರಸ್ತೆ ಗುಡಿಸುವವರು ಎದುರಾದರೆ ನಿಂತು ಮಾತಾಡಿಸಿ, ಏನು ಮಾಡುತ್ತಿದ್ದೇವೆ ಅಂತ ತಿಳಿಸಿ. ಅವರು ಗುಡಿಸಿ ಮುಗಿಸಿದ ರಸ್ತೆ ಯಾವುದು ಅಂತ ಕೇಳಿಕೊಂಡು ಅಲ್ಲಿ ಸ್ವಲ್ಪ ಕಡಿಮೆಯೇ ಪುಡಿ ಹಾಕಿ. ಅವರ ಕೆಲಸ ನಮ್ಮಿಂದ ಜಾಸ್ತಿ ಆಗಬಾರದು.

ಸೊನ್ನೆ ಯಾಕೆ ಬೇಕು

ನಿಧಾನದವರು ಹಿಂದೆ ಬೀಳದ ಹಾಗೆ ನೋಡಿಕೊಳ್ಳುವುದು ಈ ಸೊನ್ನೆಯೇ. ಒಂದು ಕ್ರಾಸಿನಲ್ಲಿ ಸೊನ್ನೆ ಇದೆ ಅಂದುಕೊಳ್ಳಿ. ಅಲ್ಲಿಂದ ಮೂರು ದಾರಿ. ಮುಂದೆ ಓಡಿಬಂದವರು ಮೂರು ಕಡೆಗೂ ಹಂಚಿಹೋಗಿ ಹುಡುಕುತ್ತಾರೆ. ಎರಡು ದಾರಿಯಲ್ಲಿ ಒಂದೆರಡು ಚುಕ್ಕಿ ಸಿಕ್ಕಿ, ನೂರಿನ್ನೂರು ಮೀಟರ್ ಆದಮೇಲೆ ಗುಣಿಸು ಗುರುತು ಎದುರಾಗುತ್ತದೆ. ಅವರೆಲ್ಲ ವಾಪಸ್ ಬರಬೇಕು. ಮೂರನೇ ದಾರಿಯಲ್ಲಿ ಹೋದವರಿಗೆ ಸಾಲಾಗಿ ಮೂರಕ್ಕಿಂತ ಹೆಚ್ಚು ಚುಕ್ಕಿ ಸಿಕ್ಕರೆ ಅದೇ ನಿಜವಾದ ದಾರಿ. ಅವರು 'ಸಿಕ್ತು! ಸಿಕ್ತು!' ಅಂತ ಕೂಗಬೇಕು. ಅಷ್ಟರಲ್ಲಿ ನಡೆದುಕೊಂಡು ಬರುವವರು ಸೊನ್ನೆಯ ಹತ್ತಿರ ಬಂದಿರುತ್ತಾರೆ, ಕೂಗು ಕೇಳಿ ಸೀದಾ ಸರಿದಾರಿ ಹಿಡಿಯುತ್ತಾರೆ. ಎಲ್ಲರಿಗಿಂತ ಮುಂದಿದ್ದ ಹುಡುಗ ಸುಳ್ಳುದಾರಿಯಿಂದ ವಾಪಸ್ ಓಡಿ ಬರುವಾಗ ಅವನ ಅಜ್ಜಿ ಅವನಿಗಿಂತ ಮುಂದಿರುತ್ತಾರೆ. ಆ ಹೊತ್ತಿನಲ್ಲಿ ಅಜ್ಜಿಯ ಮುಖ ನೋಡಬೇಕು ನೀವು.

3 ಕಿ.ಮೀ. ದಾರಿಯಲ್ಲಿ ಐದು ಸೊನ್ನೆ ಇಟ್ಟರೆ ಓಡುವವರಿಗೆ ಹುಡುಕಾಟವೆಲ್ಲ ಸೇರಿ 5 ಕಿ.ಮೀ. ಹತ್ತಿರ ಆಗುತ್ತದೆ, ನಡೆಯುವವರಿಗೆ ಮೂರೇ. ನಡೆಯುವವರಿಗೂ ಓಡುವವರಿಗೂ ಹೆಚ್ಚುಕಡಿಮೆ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಒಂದೇ ಸಲ ಎಲ್ಲರೂ ತಿಂಡಿಗೆ ಕೂರುತ್ತಾರೆ. ಯಾರನ್ನೂ ಯಾರೂ ಕಾಯಬೇಕಿಲ್ಲ, ಯಾರಿಗೂ ಪಾಪ ಅನ್ನುವ ಹಾಗಿಲ್ಲ.

ಸೊನ್ನೆಯನ್ನು ದೊಡ್ಡ ರಸ್ತೆ ಪಕ್ಕ ಇಡಬೇಡಿ. ಹುಡುಕುವ ಭರದಲ್ಲಿ ಮಕ್ಕಳು ಎಡಬಲ ನೋಡುವುದಿಲ್ಲ. ಗಾಡಿ ಕಡಿಮೆ ಇರುವ ಒಳ ಕ್ರಾಸುಗಳೇ ಬೇಕು. ಮೊದಲ ಸೊನ್ನೆ ಹೊರಟ ಐದು ನಿಮಿಷದೊಳಗೆ ಸಿಗಲಿ, ಇಲ್ಲದಿದ್ದರೆ ಓಡುವವರು ಕಣ್ಣಿಗೆ ಕಾಣದಷ್ಟು ದೂರ ಹೋಗಿರುತ್ತಾರೆ. ಕೊನೆಯ ಸೊನ್ನೆ ಸುಲಭದ್ದಾಗಿರಲಿ, ಆ ಹೊತ್ತಿಗೆ ಎಲ್ಲರಿಗೂ ಹಸಿವಾಗಿರುತ್ತದೆ.

ಹೆಜ್ಜೆ 4: ಯಾರಿಗೆ ಯಾವ ಕೆಲಸ

ಮೂರು ಕೆಲಸ ಸಾಕು. ಮೊಲ ಗೊತ್ತಾಯಿತು. ಎರಡನೆಯವರು ಕಡೆಯ ಜೊತೆಗಾರರು. ಅವರು ಕೊನೆಯಲ್ಲಿ ನಡೆಯುವವರ ಜೊತೆಗೇ ಇರಬೇಕು, ಎಷ್ಟು ನಿಧಾನವಾದರೂ ಸರಿ. ಅವರ ಹತ್ತಿರ ದಾರಿಯ ನಕ್ಷೆ, ಫೋನು, ನೀರು ಇರುತ್ತದೆ. ಈ ಕೆಲಸವನ್ನು ಚೆನ್ನಾಗಿ ಓಡುವವರಿಗೇ ಸರದಿ ಮೇಲೆ ಕೊಡಿ. ವಾರ ಪೂರ್ತಿ ತನ್ನ ವೇಗದಲ್ಲಿ ಓಡುವವರು ತಿಂಗಳಿಗೊಮ್ಮೆ ಅಜ್ಜಿಯೊಬ್ಬರ ಪಕ್ಕ ಮಾತಾಡುತ್ತಾ ನಡೆದರೆ ಕೂಟದ ಹದವೇ ಬೇರೆಯಾಗುತ್ತದೆ.

ಮೂರನೆಯವರು ಲೆಕ್ಕದವರು. ಹೊರಡುವಾಗ ನೋಟ್‌ಬುಕ್ಕಿನಲ್ಲಿ ಎಲ್ಲರ ಹೆಸರು ಬರೆದುಕೊಂಡು, ಬಂದಮೇಲೆ ತಾಳೆ ನೋಡಬೇಕು. ಸುಮ್ನೆ ತಲೆ ಎಣಿಸಿದರೆ ಸಾಲದು, ಹೆಸರು ಕೂಗಿ. ನಡುವೆ ಮನೆಗೆ ಹೋಗುವವರು ಹೇಳಿ ಹೋಗಲೇಬೇಕು.

ಹೆಜ್ಜೆ 5: ಮಕ್ಕಳು

ಹತ್ತು ವರ್ಷದೊಳಗಿನ ಇಬ್ಬರು ಮಕ್ಕಳಿಗೆ ಒಬ್ಬ ದೊಡ್ಡವರು, ಈ ಲೆಕ್ಕ ತಪ್ಪಬಾರದು. ರಸ್ತೆ ದಾಟುವಾಗ ಕೈ ಹಿಡಿದೇ ದಾಟಬೇಕು. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಕ್ಕೆ, ಎದುರಿಗೆ ಬರುವ ಗಾಡಿ ಕಾಣುವ ಹಾಗೆ ನಡೆಯಿರಿ. ಚಿಕ್ಕ ಮಕ್ಕಳ ಮುಂಗೈ ಮೇಲೆ ಅಪ್ಪನದೋ ಅಮ್ಮನದೋ ಫೋನ್ ನಂಬರ್ ಬಾಲ್ ಪೆನ್ನಿನಲ್ಲಿ ಬರೆಯಿರಿ.

ಮಕ್ಕಳ ಓಟ ದೊಡ್ಡವರ ಥರ ಒಂದೇ ಸಮ ಇರುವುದಿಲ್ಲ. ಪ್ರಾಣ ಹೋಗುವ ಹಾಗೆ ಓಡುತ್ತವೆ, ನಿಲ್ಲುತ್ತವೆ, ಬಸವನಹುಳು ನೋಡುತ್ತವೆ, ಮತ್ತೆ ಓಡುತ್ತವೆ. ಹಾಗೇ ಬಿಡಿ. 'ನಿಲ್ಲಬೇಡ, ಓಡು' ಅನ್ನುವ ಅಪ್ಪಂದಿರನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಆಟದಿಂದಲೇ ಬರಲಿ. ಟೈಮಿಂಗ್ ಬರೆದಿಡುವುದು, ಮೊದಲು ಬಂದ ಮಗುವಿಗೆ ಬಹುಮಾನ, ಇವೆರಡೂ ನಮ್ಮ ಕೂಟಕ್ಕೆ ಬೇಡ. ಬಹುಮಾನ ಕೊಡಲೇಬೇಕು ಅನ್ನಿಸಿದರೆ ಜಾಸ್ತಿ ಸುಳ್ಳುದಾರಿ ಹಿಡಿದ ಮಗುವಿಗೆ ಕೊಡಿ.

ಹೆಜ್ಜೆ 6: ದೊಡ್ಡವರ ಮೈ

ಬಹಳ ವರ್ಷ ಓಡದವರು ಮೊದಲ ವಾರವೇ ಓಡಬೇಡಿ. ಒಂದು ತಿಂಗಳು ನಡೆಯಿರಿ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸುತ್ತು. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ ಜೆಫ್ ಗ್ಯಾಲೊವೇ ಸಾಮಾನ್ಯ ಜನರಿಗೆ ಹೇಳಿಕೊಟ್ಟಿದ್ದೂ ಹೀಗೆ ಓಟದ ನಡುನಡುವೆ ನಡೆಯುವುದನ್ನೇ. ವೇಗ ಸರಿಯೋ ತಪ್ಪೋ ಅಂತ ನೋಡಲು ವಾಚು ಬೇಕಿಲ್ಲ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ಸರಿ. ಪದ ಪದಕ್ಕೂ ಉಸಿರು ಬೇಕಾದರೆ ಜಾಸ್ತಿ ಆಯಿತು, ನಡೆಯಿರಿ. ಹಾಗಾಗಿ ಮಾತುಗಾರರ ಗುಂಪು ಒಳ್ಳೆಯದು, ಅವರ ವೇಗ ತಾನಾಗಿ ಸರಿಯಿರುತ್ತದೆ.

ಶುಗರ್, ಬಿ.ಪಿ., ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಓಟ ಶುರುಮಾಡಬೇಕು. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇಟ್ಟುಕೊಳ್ಳಲಿ, ಅದು ಯಾವ ಜೇಬಿನಲ್ಲಿದೆ ಅಂತ ಜೊತೆಗಾರರಿಗೂ ಗೊತ್ತಿರಲಿ. ಎದೆ ಹಿಡಿದುಕೊಂಡ ಹಾಗೆ, ದವಡೆ ಅಥವಾ ಎಡಗೈಗೆ ನೋವು, ತಣ್ಣನೆ ಬೆವರು, ಇದರಲ್ಲಿ ಯಾವುದು ಕಂಡರೂ ಗ್ಯಾಸ್ಟ್ರಿಕ್ ಇರಬೇಕು ಅಂತ ಸೋಡಾ ಕುಡಿಸಬೇಡಿ. ಕೂರಿಸಿ, 108ಕ್ಕೆ ಫೋನ್ ಮಾಡಿ. ಅಪಘಾತ, ಪೊಲೀಸ್ ಎಲ್ಲಕ್ಕೂ 112 ಇದೆ. ಈ ಎರಡೂ ನಂಬರ್ ಎಲ್ಲರ ಫೋನಿನಲ್ಲಿರಲಿ.

ಶೂ ಬಗ್ಗೆ ತುಂಬ ಕೇಳುತ್ತಾರೆ. ಮೊದಲ ತಿಂಗಳು ಹೊಸದೇನೂ ಕೊಳ್ಳಬೇಡಿ. ಹಿಮ್ಮಡಿಗೆ ಪಟ್ಟಿ ಇರುವ ಯಾವುದಾದರೂ ಆಗುತ್ತದೆ, ಹವಾಯಿ ಚಪ್ಪಲಿ ಮಾತ್ರ ಬೇಡ. ಓಡುತ್ತೇನೆ ಅಂತ ಗಟ್ಟಿಯಾದ ಮೇಲೆ ಓಟದ ಶೂ ಕೊಳ್ಳಿ. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುವಾಗ ಹಾಕಿ ನೋಡಬೇಕು, ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಇರಬೇಕು. ಸೀರೆ, ಚೂಡಿದಾರ್, ಪಂಚೆ ಎಲ್ಲ ನಡೆಯುತ್ತದೆ. ಬಟ್ಟೆ ವಿಚಾರಕ್ಕೆ ಯಾರಾದರೂ ಕಾಮೆಂಟ್ ಮಾಡಿದರೆ ಅಲ್ಲೇ ತಡೆಯಿರಿ.

ಹೆಜ್ಜೆ 7: ನಾಯಿ, ಹೆಜ್ಜೇನು, ಹಾವು

ಬೀದಿನಾಯಿ ಇರುವ ರಸ್ತೆ ಯಾವುದು ಅಂತ ಮೊಲಕ್ಕೆ ಗೊತ್ತಿರಬೇಕು. ಮರಿ ಹಾಕಿದ ನಾಯಿ ಇರುವ ಕಡೆ ದಾರಿಯನ್ನೇ ಹಾಕಬೇಡಿ. ನಾಯಿ ಅಟ್ಟಿಸಿಕೊಂಡು ಬಂದರೆ ಓಡಬಾರದು, ನಿಲ್ಲಬೇಕು, ಅದರ ಕಣ್ಣು ದಿಟ್ಟಿಸದೆ ನಿಧಾನವಾಗಿ ಹಿಂದೆ ಸರಿಯಬೇಕು. ಇದನ್ನು ಮಕ್ಕಳಿಗೆ ಮೈದಾನದಲ್ಲಿ ಆಟದ ಹಾಗೆ ಮಾಡಿಸಿ, ಬಾಯಲ್ಲಿ ಹೇಳಿದರೆ ಆ ಗಳಿಗೆಯಲ್ಲಿ ನೆನಪಾಗುವುದಿಲ್ಲ. ಕಚ್ಚಿದರೆ ಅಥವಾ ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಬೇಕು. ಗಾಯಕ್ಕೆ ಅರಿಶಿನ, ಖಾರದಪುಡಿ ಹಚ್ಚಬೇಡಿ.

ಹೆಜ್ಜೇನನ್ನು ಜನ ಮರೆಯುತ್ತಾರೆ. ದೊಡ್ಡ ಮರ, ನೀರಿನ ಟ್ಯಾಂಕ್, ಎತ್ತರದ ಕಟ್ಟಡದ ಸಜ್ಜಾ ಇಲ್ಲೆಲ್ಲ ಕಟ್ಟಿರುತ್ತದೆ. ಸೇರುವ ಜಾಗದಲ್ಲಿ ಒಮ್ಮೆ ತಲೆ ಎತ್ತಿ ನೋಡಿ. ಅದರ ಕೆಳಗೆ ಸೊನ್ನೆ ಇಟ್ಟು ಹತ್ತು ಮಕ್ಕಳು ಕೂಗಾಡುವ ಹಾಗೆ ಮಾಡಬೇಡಿ. ಮಳೆಗಾಲದಲ್ಲಿ ಕೆರೆ ಪಕ್ಕದ ಹುಲ್ಲಿಗೆ ಚುಕ್ಕಿ ಹಾಕಬೇಡಿ, ಹಾವಿರುತ್ತದೆ. ಕಚ್ಚಿದರೆ ದಾರ ಬಿಗಿಯುವುದು, ಕೊಯ್ಯುವುದು ಯಾವುದೂ ಬೇಡ, ಕಾಲು ಅಲ್ಲಾಡಿಸದ ಹಾಗೆ ಎತ್ತಿಕೊಂಡು ಆಸ್ಪತ್ರೆಗೆ ಹೋಗಬೇಕು.

ಹೆಜ್ಜೆ 8: ತಿಂಡಿ

ಇದು ಕೊನೆಗೆ ಸೇರಿಸುವ ಉಪಚಾರ ಅಂತ ತಿಳಿಯಬೇಡಿ. ಭಾನುವಾರ ಬೆಳಿಗ್ಗೆ ಮನೆಯ ಹೆಂಗಸರು ಯಾಕೆ ಬರುವುದಿಲ್ಲ ಅಂದರೆ ತಿಂಡಿ ಮಾಡಬೇಕು, ಅಷ್ಟೇ. ಅವರಿಗೆ ಆಸೆ ಇಲ್ಲ ಅಂತಲ್ಲ. ಕೂಟದಲ್ಲೇ ತಿಂಡಿ ಆದರೆ ಅಷ್ಟೂ ಮನೆಯ ಒಲೆ ಅವತ್ತು ಹೊತ್ತಿಸಬೇಕಿಲ್ಲ.

ಆದರೆ ಅಷ್ಟೂ ಜನರ ತಿಂಡಿ ಒಬ್ಬ ಆಂಟಿಯ ತಲೆ ಮೇಲೆ ಬೀಳಬಾರದು. ಪಾಳಿ ಮಾಡಿ, ಪಾಳಿಯ ಪಟ್ಟಿಯಲ್ಲಿ ಗಂಡಸರ ಹೆಸರನ್ನೇ ಬರೆಯಿರಿ. ಅವರು ಮಾಡಲಿ ಅಥವಾ ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬರಲಿ. ಮೊಲ ಆದ ಮನೆಗೆ ಅವತ್ತು ತಿಂಡಿ ಪಾಳಿ ಇಲ್ಲ. ಚಿತ್ರಾನ್ನ, ಅವಲಕ್ಕಿ, ಇಡ್ಲಿ, ಬೇಯಿಸಿದ ಕಡಲೆಕಾಯಿ, ಬಾಳೆಹಣ್ಣು, ಹೆಸರುಬೇಳೆ ಕೋಸಂಬರಿ, ಇಂಥವು ಸಾಕು. ತಟ್ಟೆ, ಲೋಟ ಪ್ರತಿಯೊಬ್ಬರೂ ಮನೆಯಿಂದ ತರಲಿ. ಮರೆತವರಿಗೆ ಒಂದಷ್ಟು ಮುತ್ತುಗದ ಎಲೆ ಇಟ್ಟಿರಿ, ಕೆರೆ ಪಕ್ಕ ಪ್ಲಾಸ್ಟಿಕ್ ಬೇಡ.

ಕುಡಿಯುವುದಕ್ಕೆ ಬೇಸಿಗೆಯಲ್ಲಿ ಪಾನಕ. ಒಂದು ಲೀಟರ್ ನೀರಿಗೆ ನೂರು ಗ್ರಾಂನಷ್ಟು ಬೆಲ್ಲ, ಒಂದು ನಿಂಬೆಹಣ್ಣು, ಚಿಟಿಕೆ ಉಪ್ಪು, ಎರಡು ಏಲಕ್ಕಿ, ಸ್ವಲ್ಪ ಶುಂಠಿ ಪುಡಿ. ಬೆಲ್ಲವನ್ನು ರಾತ್ರಿಯೇ ನೆನೆಸಿ ಸೋಸಿಟ್ಟುಕೊಂಡರೆ ಬೆಳಿಗ್ಗೆ ಕೆಲಸ ಇಲ್ಲ. ಶುಗರ್ ಇರುವವರಿಗೆ ನೀರುಮಜ್ಜಿಗೆ, ಕರಿಬೇವು, ಹಸಿಶುಂಠಿ ಜಜ್ಜಿ ಹಾಕಿದ್ದು. ಚಳಿಗಾಲಕ್ಕೆ ಬಿಸಿ ರಾಗಿ ಗಂಜಿ ಫ್ಲಾಸ್ಕಿನಲ್ಲಿ.

ತಿನ್ನುವಾಗ ಹತ್ತು ನಿಮಿಷ ಮೊಲವನ್ನು ಮಾತಾಡಿಸಿ. ಯಾವ ಸುಳ್ಳುದಾರಿಗೆ ಯಾರು ಸಿಕ್ಕಿಬಿದ್ದರು, ಯಾವ ಚುಕ್ಕಿಯನ್ನು ಹಸು ನೆಕ್ಕಿಕೊಂಡು ಹೋಗಿತ್ತು, ಎಲ್ಲ ಬರಲಿ. ಹೊಸದಾಗಿ ಬಂದವರ ಹೆಸರು ಕೇಳಿ ಪರಿಚಯ ಮಾಡಿಸಿ. ಮುಂದಿನ ವಾರದ ಮೊಲ ಯಾರು ಅಂತ ಅಲ್ಲೇ ತೀರ್ಮಾನ ಮಾಡಿ, ಪುಡಿ ಚೀಲ ಅವರ ಕೈಗೆ ಕೊಟ್ಟುಬಿಡಿ.

ದುಡ್ಡು, ವಾಟ್ಸಾಪ್

ಫೀಸು ಇಡಬೇಡಿ. ಪುಡಿಯನ್ನು ಮೊಲದ ಮನೆಯವರು, ತಿಂಡಿಯನ್ನು ಪಾಳಿಯವರು ನೋಡಿಕೊಂಡರೆ ಖರ್ಚೇ ಇಲ್ಲ. ಮುಂದೆ ಪ್ರಾಯೋಜಕರು, ದೊಡ್ಡ ಕಾರ್ಯಕ್ರಮ ಅಂತ ಹಣ ಕೈಗೆ ಬರುವ ಹಾಗಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಸೇರಿ ಸಂಘ ಮಾಡಿಕೊಳ್ಳಬಹುದು. ಅಲ್ಲಿಯವರೆಗೆ ಅದರ ಗೋಜು ಬೇಡ.

ವಾಟ್ಸಾಪ್ ಗುಂಪಿನಲ್ಲಿ ಶನಿವಾರ ಸಂಜೆ ಒಂದು ಮೆಸೇಜು: ಎಲ್ಲಿ, ಎಷ್ಟೊತ್ತಿಗೆ, ಯಾರು ಮೊಲ, ಯಾರ ತಿಂಡಿ. ಗುಡ್ ಮಾರ್ನಿಂಗ್, ರಾಜಕೀಯ, ವ್ಯಾಪಾರ ಬೇಡ. ಬೇರೆಯವರ ಮಕ್ಕಳ ಫೋಟೋವನ್ನು ಕೇಳದೆ ಸ್ಟೇಟಸ್ಸಿಗೆ ಹಾಕಬೇಡಿ. ಇದನ್ನು ಮೊದಲ ದಿನವೇ ಹೇಳಿ.

ಕೂಟ ಬೆಳೆದಾಗ

ಕೆಲವು ತಿಂಗಳಾದ ಮೇಲೆ ಒಂದೇ ಬಡಾವಣೆ ಸಾಕೆನಿಸುತ್ತದೆ. ಆಗ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. ಸಾವಿರದಷ್ಟು ಮೆಟ್ಟಿಲಿವೆ. ಆಗದವರು ಗಾಡಿಯಲ್ಲಿ ಬಂದು ದಾರಿ ನಡುವಿನ ದೊಡ್ಡ ನಂದಿಯ ಹತ್ತಿರ ಸೇರಿಕೊಳ್ಳಬಹುದು. ಶ್ರೀರಂಗಪಟ್ಟಣದ ಕಡೆಯ ಕಾಲುವೆ ದಂಡೆಗಳೂ ನಡೆಯಲು ಚೆಂದ, ಮಕ್ಕಳನ್ನು ಮಾತ್ರ ನೀರಿನ ಕಡೆಗೆ ಬಿಡಬೇಡಿ. ಜೂನ್‌ನಿಂದ ಮಳೆ ಹಿಡಿದಾಗ ಪುಡಿ ನಿಲ್ಲುವುದಿಲ್ಲ. ಆ ತಿಂಗಳುಗಳಲ್ಲಿ ಹಳೆ ಬಟ್ಟೆಯ ಬಿಳಿ ಪಟ್ಟಿಗಳನ್ನು ಕಂಬಕ್ಕೆ, ಗಿಡಕ್ಕೆ ಸಡಿಲವಾಗಿ ಕಟ್ಟಿ. ಕಡೆಯ ಜೊತೆಗಾರರು ಒಂದೊಂದಾಗಿ ಬಿಚ್ಚಿಕೊಂಡು ಬರಲಿ. ಗುಡುಗು ಸಿಡಿಲಿದ್ದರೆ ಅವತ್ತು ಬರೀ ತಿಂಡಿ.

ಐವತ್ತು ಜನ ದಾಟಿದರೆ ಹಿಗ್ಗಬೇಡಿ, ಎರಡು ಮಾಡಿ. ಐವತ್ತು ಜನ ಒಂದು ಕ್ರಾಸಿನಲ್ಲಿ ನಿಂತರೆ ಆ ರಸ್ತೆಯವರಿಗೆ ತೊಂದರೆ, ಲೆಕ್ಕದವರಿಗೆ ಎಲ್ಲರ ಹೆಸರು ಗೊತ್ತಿರುವುದಿಲ್ಲ, ಹೊಸದಾಗಿ ಬಂದ ಅಜ್ಜಿಯನ್ನು ಯಾರೂ ಮಾತಾಡಿಸದೆ ಹೋಗಬಹುದು. ಪಕ್ಕದ ಬಡಾವಣೆಯಿಂದ ಬರುವ ನಾಲ್ಕು ಮನೆಯವರಿಗೆ ಎರಡು ಸಲ ಮೊಲದ ಕೆಲಸ ಮಾಡಿಸಿ, ಆಮೇಲೆ ಅವರ ಬಡಾವಣೆಯಲ್ಲೇ ಶುರುಮಾಡಲು ಹೇಳಿ. ಮೊದಲ ಒಂದೆರಡು ವಾರ ನಿಮ್ಮಲ್ಲಿ ಇಬ್ಬರು ಹೋಗಿ ಕಡೆಯ ಜೊತೆಗಾರರಾಗಿ ನಡೆದು ಬನ್ನಿ. ತಿಂಗಳ ಕೊನೆಯ ಭಾನುವಾರ ಎರಡೂ ಕೂಟ ಕೆರೆ ಹತ್ತಿರ ಸೇರಲಿ, ಅವತ್ತು ದಾರಿ ಅವರದು, ತಿಂಡಿ ನಿಮ್ಮದು.